ನಾಲ್ಕನೇ ಮನೆಯಲ್ಲಿ ಮಳೆ

"ಇದು ಮಳೆ ಅಲ್ಲ ಕಣಮ್ಮ," ಎಂದಳು ಅಂಬುಜಮ್ಮ.

ಕಣ್ಣು ಮುಚ್ಚಿಯೇ ಇತ್ತು. ತಲೆಯ ಮೇಲೆ ಕೂತಿದ್ದ ದಪ್ಪ ಹೆಡ್‌ಫೋನು ಬೆಳಿಗ್ಗೆ ಮುಡಿದ ಕನಕಾಂಬರವನ್ನು ಅಪ್ಪಚ್ಚಿ ಮಾಡಿತ್ತು. ಅರವತ್ತು ತುಂಬಿದ ಹೆಂಗಸು ಹಾಡುಹಗಲೇ ಕಂಪ್ಯೂಟರಿನ ಮುಂದೆ ಕೂತು ಆಟ ಆಡುವುದನ್ನು ಕಂಡರೆ ಯಾರಿಗಾದರೂ ನಗು ಬರಬೇಕು. ಆ ಕೋಣೆಯಲ್ಲಿ ಯಾರೂ ನಗಲಿಲ್ಲ.

"ಮಳೆ ಅಲ್ದೆ ಇನ್ನೇನು ಆಂಟಿ?" ಎಂದಳು ಮಹೀನ್. "ಭಾಯ್‌ಗೆ ಮಳೆ ಅಂದ್ರೆ ಪ್ರಾಣ ಇತ್ತು." ತಕ್ಷಣ ತುಟಿ ಕಚ್ಚಿಕೊಂಡು, "ಇತ್ತು ಅಲ್ಲ, ಪ್ರಾಣ," ಎಂದು ತಿದ್ದಿಕೊಂಡಳು.

ಅವಳ ಅಣ್ಣ ಮುಜಾಮಿಲ್ ಕಳೆದ ಶನಿವಾರ ಬೆಳಿಗ್ಗೆ ಮನೆ ಬಿಟ್ಟವನು, ಈ ಶುಕ್ರವಾರ ಮಧ್ಯಾಹ್ನವಾದರೂ ಹಿಂತಿರುಗಿರಲಿಲ್ಲ.

ರಾಮನಗರದ ಆ ಮನೆಯಲ್ಲಿ ಕೆಳಗೆ ರೇಷ್ಮೆ ನೂಲು ತೆಗೆಯುವ ಶೆಡ್ಡು, ಮೇಲೆ ಸಂಸಾರ. ಶುಕ್ರವಾರವಾದ್ದರಿಂದ ಚರಕಗಳೆಲ್ಲ ನಿಂತಿದ್ದವು. ಜುಮ್ಮಾ ನಮಾಜು ಮುಗಿಸಿ ಬಂದ ತಂದೆ ಮುಕ್ತಿಯಾರ್ ತಲೆಯ ಟೋಪಿಯನ್ನೂ ತೆಗೆಯದೆ ಮೇಜಿನ ಮುಂದೆ ಕೂತಿದ್ದ. ಅವನೆದುರು ಟೈಪು ಮಾಡಿದ ಒಂದು ಪತ್ರ. 'ಆಟದಲ್ಲಿರುವ ಸದ್ದೆಲ್ಲ ಕಂಪನಿಯ ಸ್ವತ್ತು. ನನ್ನ ಮಗ ಅದನ್ನು ಕದ್ದು ಓಡಿಹೋಗಿದ್ದಾನೆ.' ಅದರ ಕೆಳಗೆ ಸಹಿಗೆ ಜಾಗ.

ಸಹಿ ಹಾಕಿದರೆ ಪೊಲೀಸ್ ಕಂಪ್ಲೇಂಟ್ ಕೊಡುವುದಿಲ್ಲ ಎಂದು ಮುಜಾಮಿಲ್ ಕೆಲಸ ಮಾಡುತ್ತಿದ್ದ ಕಂಪನಿಯ ಯಜಮಾನ ಮನೋಹರ್ ಹೇಳಿ ಕಳಿಸಿದ್ದ. ನಾಲ್ಕು ಗಂಟೆಗೆ ಅವನೇ ಬರುವವನಿದ್ದ. ಮುಕ್ತಿಯಾರ್‌ಗೆ ಪೊಲೀಸ್ ಎಂದರೆ ಭಯ. ಆದರೆ ಸಹಿ ಬಿತ್ತೆಂದರೆ ಮುಜಾಮಿಲ್ ಕಳ್ಳನೇ. ಓಡಿಹೋದ ಕಳ್ಳನನ್ನು ಹುಡುಕಿಕೊಡಿ ಎಂದು ಅಪ್ಪ ಆಮೇಲೆ ಯಾವ ಬಾಯಲ್ಲಿ ಕೇಳುತ್ತಾನೆ? ಹುಡುಗ ಎಲ್ಲಿದ್ದಾನೋ, ಹೇಗಿದ್ದಾನೋ, ಅಲ್ಲೇ ಉಳಿದುಹೋಗುತ್ತಾನೆ.

ಅದಕ್ಕೇ ಮಹೀನ್ ಅಂಬುಜಮ್ಮನನ್ನು ಕರೆತಂದಿದ್ದಳು. ಅಂಬುಜಮ್ಮ ಮೂವತ್ತೊಂದು ವರ್ಷ ಗೂಡಿನ ಮಾರುಕಟ್ಟೆಯಲ್ಲಿ ನೌಕರಿ ಮಾಡಿದವಳು. ಒಂದು ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿರುವುದು ಬದುಕಿದೆಯೋ ಸತ್ತಿದೆಯೋ ಹೇಳಿಬಿಡುವಳು. ರಿಟೈರಾದ ಮೇಲೆ ಊರಿನವರು ಕಳೆದುಹೋದ ಬಳೆಯಿಂದ ಹಿಡಿದು ಕಳೆದುಹೋದ ಗಂಡನವರೆಗೆ ಎಲ್ಲವನ್ನೂ ಹುಡುಕಿಕೊಡಿ ಎಂದು ಅವಳ ಬಾಗಿಲಿಗೆ ಬರತೊಡಗಿದ್ದರು. ಬಳೆ ಸಿಕ್ಕಿದಷ್ಟು ಸಲೀಸಾಗಿ ಗಂಡಂದಿರು ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಕಂಪ್ಯೂಟರ್ ಪಕ್ಕದಲ್ಲಿ ನಿಂತವಳು ಶ್ವೇತ, ಚನ್ನಪಟ್ಟಣದ ಹುಡುಗಿ. ಅಲ್ಲಿನ ಹಳೇ ಬೊಂಬೆ ಕಾರ್ಖಾನೆಯ ಮಹಡಿಯಲ್ಲಿ ಮನೋಹರ್‌ನ ಕಂಪನಿ. ಶ್ವೇತ ಆಟದ ಪ್ರೋಗ್ರಾಂ ಬರೆದರೆ, ಮುಜಾಮಿಲ್ ಅದಕ್ಕೆ ಸದ್ದು, ಸಂಗೀತ ಕೂಡಿಸುತ್ತಿದ್ದ. ಆಟದ ಹೆಸರು 'ನೆರಳೂರು'. ಜನವೆಲ್ಲ ಎಲ್ಲೋ ಹೊರಟುಹೋದ ಒಂದು ಹಳ್ಳಿ. ಗುದ್ದಾಟವಿಲ್ಲ, ಬಂದೂಕಿಲ್ಲ. ಬರಿಗೈಲಿ ಬೀದಿ ಬೀದಿ ನಡೆಯುತ್ತ, ಸದ್ದು ಕೇಳಿಸಿಕೊಳ್ಳುತ್ತ, ಆ ಜನ ಎಲ್ಲಿ ಹೋದರೆಂದು ಪತ್ತೆ ಹಚ್ಚಬೇಕು.

ಮೊದಲು ಶ್ವೇತ ತಾನು ತಂದ ಸಿ.ಡಿ. ಹಾಕಿ ಅದನ್ನು ಸದ್ದಿಲ್ಲದೆ ತೋರಿಸಿದಾಗ ಅಂಬುಜಮ್ಮ ಮೂಗು ಮುರಿದಿದ್ದಳು. ಬೂದು ಬಣ್ಣದ ಗೋಡೆ, ಬೂದು ಬಣ್ಣದ ಮರ, ಬೆಂಕಿಪೊಟ್ಟಣ ಜೋಡಿಸಿದಂಥ ಮನೆಗಳು. ಇದನ್ನು ನೋಡಲು ಜನ ದುಡ್ಡು ಕೊಡುತ್ತಾರಾ?

ಆಮೇಲೆ ಹೆಡ್‌ಫೋನು ಕಿವಿಗೆ ಬಿತ್ತು.

ಅವಳಿಗೆ ತಿಳಿಯದೆಯೇ ಸೀರೆಯ ನೆರಿಗೆ ಎತ್ತಿಕೊಂಡಿದ್ದಳು. ಕಾಲ ಕೆಳಗೆ ಒಣ ಎಲೆ ಚರಚರ ಎಂದಿತ್ತು. ಎಡಗಡೆ ದೂರದಲ್ಲಿ ಯಾರದೋ ರಾಟೆ ಕಿರುಗುಟ್ಟಿತು. ತಿರುಗಿದರೆ ಆ ಸದ್ದು ಬಲಗಿವಿಗೆ ಬಂತು. ಬಾವಿ ಇಲ್ಲೇ ಇದೆ ಎಂದು ಮೈಗೆ ಗೊತ್ತಾಯಿತು, ಕಣ್ಣಿಗೆ ಕಾಣುವ ಮುಂಚೆ. ಎಲ್ಲದರ ಅಡಿಯಲ್ಲಿ ಮೆಲ್ಲಗೆ, ಜೋಗುಳ ಹಾಡಿ ಸುಸ್ತಾದವರು ಬರೀ ಗುನುಗುವ ಹಾಗೆ ಒಂದು ರಾಗ. ಬೂದು ಗೋಡೆಗಳಿಗೆ ಸುಣ್ಣದ ತಂಪು ಬಂತು, ಮರಕ್ಕೆ ನೆರಳು ಬಂತು. ಬಿಸಿಲಿಳಿದ ಹೊತ್ತಿನಲ್ಲಿ ಅರೆನಿದ್ದೆಯಲ್ಲಿ ನಡೆದಂತೆ ಅವಳು ಆ ಊರೊಳಗೆ ಹೋಗಿಬಿಟ್ಟಿದ್ದಳು.

"ಈ ರಾಗ ಯಾವುದ್ರಲ್ಲಿ ಬಾರ್ಸವ್ನೆ?" ಎಂದು ಆಗ ಕೇಳಿದ್ದಳು.

"ಕೆಳಗಿನ ಚರಕ ಮೇಡಂ," ಎಂದಿದ್ದಳು ಶ್ವೇತ. "ಅದರ ಸದ್ದನ್ನೇ ನಿಧಾನ ಮಾಡಿ, ಇನ್ನೂ ನಿಧಾನ ಮಾಡಿ, ಹಂಗೆ ಮಾಡಿದಾನೆ."

ಅದನ್ನು ಕೇಳಿದ ಮುಕ್ತಿಯಾರ್ ತಲೆ ತಗ್ಗಿಸಿದ್ದ. ಸದ್ದು ಹಿಡಿಯೋದೂ ಒಂದು ಕೆಲಸವಾ ಎಂದು ಮಗನಿಗೆ ಬೈದ ಬೈಗುಳಗಳೆಲ್ಲ ಅವನ ಮುಖದ ಮೇಲೆ ಸಾಲುಗಟ್ಟಿ ನಿಂತಿದ್ದವು.

ಈಗ ಅಂಬುಜಮ್ಮ ನಿಂತಿದ್ದದ್ದು ಆಟದ ನಾಲ್ಕನೇ ಮನೆಯೊಳಗೆ. ಅಲ್ಲಿ ಮಳೆ. ಕಿಟಕಿಯಾಚೆ ನೋಡಿದರೆ ಆಕಾಶ ನಿಚ್ಚಳ.

"ಮೊದ್ಲು ಈ ಮನೇಲಿ ಸದ್ದೇ ಇರ್ಲಿಲ್ಲ ಮೇಡಂ. ಇದು ಹೊಸಾದು," ಎಂದು ಶ್ವೇತ ಏನೋ ಹೇಳಹೊರಟು ನಿಲ್ಲಿಸಿದಳು.

"ಮಹೀನ್, ನಿಮ್ಮನೇಲಿ ಮೂರು ತಲೆಮಾರಿಂದ ರೇಷ್ಮೆ ಕೆಲ್ಸ," ಎಂದಳು ಅಂಬುಜಮ್ಮ. "ಹುಳ ಸೊಪ್ಪು ತಿನ್ನೋದು ಯಾವತ್ತಾರ ಕೇಳಿದೀಯಾ?"

"ಹುಳಾನಾ? ನಮ್ಗೆ ಬರೋದು ಗೂಡಲ್ವಾ ಆಂಟಿ."

ಅದೇ ನೋಡಿ. ಹುಳ ಮೇಯಿಸುವವರು ಹಳ್ಳಿಯ ರೈತರು, ಗೂಡು ಬಿಚ್ಚುವವರು ಪೇಟೆಯ ರೀಲರುಗಳು. ಕೋಟಿ ಗೂಡು ಕುದಿಸಿದ ಮನೆಯಲ್ಲಿ ಒಂದು ಹುಳ ಸೊಪ್ಪು ಕಡಿಯುವ ಸದ್ದು ಕೇಳಿದವರಿಲ್ಲ. ಬೇರೆ ಕಡೆಯವರಿಗಾದರೆ ಇದು ಹುಳವೇನೋ ಎಂದು ಅನುಮಾನವಾದರೂ ಬರಬಹುದಿತ್ತು. ರೇಷ್ಮೆ ವಿಷಯ ತಮಗೆಲ್ಲ ಗೊತ್ತು ಎಂದುಕೊಂಡ ಈ ಮನೆಯವರಿಗೆ ಬರಲಿಲ್ಲ.

"ನಾಲ್ಕನೇ ಜ್ವರ ಎದ್ದ ಹುಳ ಇದು," ಎಂದಳು ಅಂಬುಜಮ್ಮ. "ಜ್ವರ ಅಂದ್ರೆ ಕಾಯ್ಲೆ ಅಲ್ಲ, ಪೊರೆ ಬಿಡೋಕೆ ಸುಮ್ನೆ ಕೂತ್ಕತವೆ. ಎದ್ದ ಮ್ಯಾಲೆ ಒಂದು ವಾರ ತಿಂತವೆ ನೋಡು, ಮನೆಯೊಳ್ಗೆ ಮಳೆ ಹುಯ್ದಂಗೆ. ಆಮ್ಯಾಕೆ ಗೂಡು ಕಟ್ಟೋಕೆ ಹತ್ಬುಡ್ತವೆ. ಈ ಸದ್ದು ಸಿಕ್ಕೋದೇ ಆ ಒಂದು ವಾರ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೊದಲು ಸೆಂಟಿನ ವಾಸನೆ ಬಂತು. ಅದರ ಹಿಂದೆ ಮನೋಹರ್ ಬಂದ.

ಇಸ್ತ್ರಿ ಮಾಡಿದ ಶರ್ಟು, ಮಿಂಚುವ ಬೂಟು, ಕೈಯಲ್ಲಿ ಎರಡು ಮೊಬೈಲು. ಮನುಷ್ಯ ಒರಟನಲ್ಲ. ಮುಕ್ತಿಯಾರ್‌ಗೆ ಬಾಗಿ ಸಲಾಂ ಹೇಳಿದ, ಅಂಬುಜಮ್ಮನಿಗೆ ನಮಸ್ಕಾರ ಮಾಡಿದ. ಶ್ವೇತಳನ್ನು ನೋಡಿದಾಗ ಮಾತ್ರ ಹುಬ್ಬು ಗಂಟಾಯಿತು.

"ನೀನೇನಮ್ಮ ಇಲ್ಲಿ?"

"ಆಟ ತೋರ್ಸು ಅಂತ ನಾನೇ ಕರೆಸ್ದೆ," ಎಂದಳು ಅಂಬುಜಮ್ಮ. "ಬಾಳ ಚೆನ್ನಾಗೈತೆ ಸಾರ್ ನಿಮ್ಮ ಆಟ. ಈ ನಾಲ್ಕನೇ ಮನೆ ಮಳೆ ಅಂತೂ ಮೈಯೆಲ್ಲ ತಣ್ಣಗೆ ಮಾಡ್ಬುಡ್ತು. ಯಾರು ಹಿಡಿದಿದ್ದು ಇದ?"

ಮನೋಹರ್ ಕುರ್ಚಿ ಎಳೆದುಕೊಂಡ. "ಆಗಸ್ಟ್‌ನಲ್ಲಿ ಅಮ್ಮ. ನಮ್ಮ ಆಫೀಸ್ ಟೆರೇಸ್ ಮೇಲೆ. ನಾನೇ ಛತ್ರಿ ಹಿಡ್ಕೊಂಡು ನಿಂತಿದ್ದೆ. ಎಲ್ಲಾ ಸೌಂಡೂ ನನ್ನ ಕಣ್ಣೆದುರಿಗೇ ರೆಕಾರ್ಡ್ ಆಗಿರೋದು. ಅದಕ್ಕೇ ಹೇಳ್ತಿರೋದು, ಅದು ಕಂಪನೀದು ಅಂತ."

"ಮಳೆ ಅಲ್ವಲ್ಲ ಸಾರ್ ಇದು. ಹುಳ."

ಅವನು ಕೈಯಲ್ಲಿ ತಿರುಗಿಸುತ್ತಿದ್ದ ಮೊಬೈಲು ನಿಂತಿತು. ಕಣ್ಣು ಒಮ್ಮೆ ಶ್ವೇತಳ ಕಡೆ ಹೋಗಿ ಬಂತು.

"ಹಾಂ, ಹೌದೌದು. ಆ ಮನೆಗೆ ಹುಳದ್ದು ಹಾಕಿದ್ವಿ, ಮರ್ತೇಬಿಟ್ಟಿದ್ದೆ. ತಿಪ್ಪಸಂದ್ರದ ಹತ್ರ ಯಾರೋ ರೈತರ ಮನೆ. ಮುಜಾಮಿಲ್‌ನ ನಾನೇ ಕಾರಲ್ಲಿ ಕರ್ಕೊಂಡು ಹೋಗಿದ್ದೆ. ಒಳಗೇ ನಿಂತು ಮೈಕ್ ಹಿಡಿದಿದ್ದೆ, ಬೇಕಾದ್ರೆ ಕೇಳಿ."

"ಒಳ್ಗೇ ನಿಂತ್ರಾ? ಹಿಂಗೇ, ಸೆಂಟು ಹಾಕ್ಕಂಡು?"

"ಸೆಂಟ್ ಹಾಕ್ದೆ ನಾನು ಮನೆ ಹೊಸಿಲು ದಾಟಲ್ಲಮ್ಮ," ಎಂದು ಮನೋಹರ್ ನಕ್ಕ.

ಅಂಬುಜಮ್ಮ ನಗಲಿಲ್ಲ. ಸಿಟ್ಟು ಬಂದಾಗ ಅವಳ ದನಿ ತಗ್ಗುತ್ತದೆ. ಮಾರುಕಟ್ಟೆಯಲ್ಲಿ ದಲ್ಲಾಳಿಗಳಿಗೆಲ್ಲ ಅದು ಗೊತ್ತಿತ್ತು.

"ಹುಳ ಇರೋ ಮನೇಲಿ ಒಗ್ಗರಣೆ ಹಾಕಕಿಲ್ಲ ಸಾರ್. ಊದಿನಕಡ್ಡಿ ಹಚ್ಚಕಿಲ್ಲ. ಮನೆಯೋಳೇ ಆದ್ರೂ ಕಾಲು ತೊಳ್ಕಂಡು, ಸುಣ್ಣದ ಪುಡಿ ತುಳ್ಕಂಡು ಒಳೀಕ್ ಹೋಗ್ಬೇಕು. ಕೊನೇ ವಾರದಲ್ಲಂತೂ ಪಕ್ಕದ್ಮನೆ ನೆಂಟ್ರನ್ನೂ ಬಿಡಕಿಲ್ಲ, ಕಣ್ಣಾಗ್ತದೆ ಅಂತ. ಸೆಂಟು ಹಾಕ್ಕಂಡು ಬೂಟುಗಾಲಲ್ಲಿ ಬಂದಿದ್ರೆ ಆ ರೈತ ನಿಮ್ಮ ಮೈಕನ್ನ ನಿಮ್ಮ ತಲೆ ಮ್ಯಾಲೆ ಮುರೀತಿದ್ದ. ನೀವು ಅಲ್ಲಿಗೆ ಹೋಗೇ ಇಲ್ಲ. ಇದು ಹುಳದ ಸದ್ದು ಅಂತ ನಿಮಗೆ ಗೊತ್ತಾಗಿದ್ದು ಈಗ, ನನ್ನ ಬಾಯಿಂದ."



"ಮೇಡಂ," ಎಂದಳು ಶ್ವೇತ. ದನಿ ಒಡೆದಿತ್ತು. "ಕೆಲಸ ಹೋದ್ರೆ ಹೋಗ್ಲಿ, ಹೇಳಿಬಿಡ್ತೀನಿ. ಈ ಸದ್ದು ಆಟದೊಳಗೆ ಸೇರಿದ್ದು ಮಂಗಳವಾರ ಮಧ್ಯಾಹ್ನ. ಮುಜಾಮಿಲ್ ಹೆಸರಿಂದಲೇ ಬಂದಿದೆ. ಮಾಗಡಿಯ ಯಾವುದೋ ಇಂಟರ್‌ನೆಟ್ ಸೆಂಟರ್‌ನಿಂದ."

"ಮಂಗಳ್ವಾರಾನಾ?" ಮುಕ್ತಿಯಾರ್ ಎದ್ದು ನಿಂತೇಬಿಟ್ಟ. "ಶನಿವಾರ ಹೋದೋನು ಮಂಗಳ್ವಾರ ಕಳಿಸವ್ನಾ? ಯಾ ಅಲ್ಲಾ! ಅಂಗಾದ್ರೆ ಇದಾನಲ್ವಾ ಅಮ್ಮೋರೆ? ಇದಾನಲ್ವಾ?"

ಮಹೀನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಆರು ದಿನದಿಂದ ಹಿಡಿದಿಟ್ಟ ಅಳು.

ಆದರೆ ಮನೋಹರ್ ಅಷ್ಟು ಸುಲಭಕ್ಕೆ ಬಗ್ಗುವ ಪೈಕಿಯಲ್ಲ. "ಸರಿ, ನಾನು ಹೋಗಿರಲಿಲ್ಲ, ಒಪ್ಪಿದೆ," ಎಂದ ಮೆಲ್ಲಗೆ. "ಆದ್ರೆ ಪಾಸ್‌ವರ್ಡ್ ಗೊತ್ತಿದ್ರೆ ಯಾರು ಬೇಕಾದ್ರೂ ಕಳಿಸಬಹುದು. ಅವನು ಯಾರಿಗೋ ಮಾರಿರೋದು ಅದೇ ಪಾಸ್‌ವರ್ಡ್ ಯಾಕಾಗಿರಬಾರ್ದು? ಇದರಲ್ಲಿ ಮುಜಾಮಿಲ್ ಇದಾನೆ ಅನ್ನೋದಕ್ಕೆ ಒಂದು ಗುರುತು ಕೊಡಿ, ಒಂದು ಕೆಮ್ಮಾದ್ರೂ ಸಾಕು. ಪತ್ರ ಇಲ್ಲೇ ಹರಿದು ಹಾಕ್ತೀನಿ. ಕೊಡೋಕಾಗಲ್ಲ ಅಂದ್ರೆ ಯಜಮಾನ್ರು ಸಹಿ ಹಾಕ್ಲಿ, ಇಲ್ಲ ನಾನು ಸ್ಟೇಷನ್‌ಗೆ ಹೋಗ್ತೀನಿ."

"ಈ ಸದ್ದು ಎಷ್ಟುದ್ದ ಐತಮ್ಮ?" ಅಂಬುಜಮ್ಮ ಶ್ವೇತಳನ್ನು ಕೇಳಿದಳು.

"ಹನ್ನೊಂದು ನಿಮಿಷ. ಪೂರ್ತಿ ಯಾರೂ ಕೇಳಿಲ್ಲ ಮೇಡಂ, ನಾನೂ ಕೇಳಿಲ್ಲ. ಈ ಸಿ.ಡಿ.ಲಿ ಸದ್ದೆಲ್ಲ ಆಟದೊಳಗೇ ಬೀಗ ಹಾಕಿದ ಹಾಗೆ ಇರುತ್ತೆ. ಅಲ್ಲೇ ನಿಂತು ಕೇಳ್ಬೇಕು. ಒಂದು ಹೆಜ್ಜೆ ಇಟ್ರೂ ಮೊದಲಿಂದ ಶುರುವಾಗುತ್ತೆ. ಅದು ಮುಜಾಮಿಲ್ ಮಾಡಿದ ನಿಯಮ. ಆಡೋರು ಓಡ್ತಾನೇ ಇರ್ತಾರೆ, ನಿಂತೋರಿಗೆ ಮಾತ್ರ ಊರು ಮಾತಾಡ್ಬೇಕು ಅಂತಿದ್ದ."

"ಹಂಗಾದ್ರೆ ನಿಲ್ತೀನಿ," ಎಂದು ಅಂಬುಜಮ್ಮ ಹೆಡ್‌ಫೋನು ಸರಿಮಾಡಿಕೊಂಡಳು. ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಮಳೆ ಶುರುವಾಯಿತು.

ಮೊದಲು ಅದು ಎದುರಿಗಿತ್ತು. ನಿಧಾನಕ್ಕೆ ಸುತ್ತ ಹರಡಿತು, ತಲೆಯ ಮೇಲೂ ಬಂತು. ಹುಳ ಮೇಯಿಸುವ ತಟ್ಟೆಗಳ ಮೇಲೆ ತಟ್ಟೆ, ಸಾವಿರಾರು ಪುಟ್ಟ ಬಾಯಿಗಳು. ಅವಳಿಗೆ ಹಸಿ ಸೊಪ್ಪಿನ ವಾಸನೆ ಬಂದಂತಾಯಿತು. ಹೆಡ್‌ಫೋನಿನಲ್ಲಿ ವಾಸನೆ ಎಲ್ಲಿಂದ ಬರಬೇಕು? ಬಂತು, ಅಷ್ಟೇ. ಫ್ಯಾನಿನ ಸದ್ದು ಹೋಯಿತು, ಮನೋಹರ್‌ನ ಸೆಂಟು ಹೋಯಿತು, ರಾಮನಗರವೇ ಹೋಯಿತು. ಆ ಮನೆಗೆ ಹಂಚಿನ ಸೂರು ಎಂದು ಅವಳ ಕಿವಿ ಹೇಳಿತು, ಸಿಮೆಂಟು ಶೀಟಾದರೆ ಸದ್ದು ಇಷ್ಟು ಮೆತ್ತಗಿರುವುದಿಲ್ಲ. ಮಣ್ಣಿನ ಗೋಡೆ. ಎಲ್ಲೋ ಹಿಂದೆ ಒಂದು ಎಮ್ಮೆ ಸರಪಳಿ ಎಳೆಯಿತು. ಹೊತ್ತು ಎಷ್ಟಾಯಿತೋ ತಿಳಿಯಲಿಲ್ಲ. ನೆರಳೂರಿನ ಜನ ಎಲ್ಲೂ ಹೋಗಿಲ್ಲ, ಈ ಮನೆಯಲ್ಲೇ ಒಬ್ಬರಿಗೊಬ್ಬರು ಒರಗಿಕೊಂಡು ಮಲಗಿದ್ದಾರೆ ಎಂದು ಅವಳಿಗೆ ಅನ್ನಿಸತೊಡಗಿತು. ತಾನೂ ಒಂದು ಮೂಲೆಯಲ್ಲಿ ಮಲಗಿಬಿಡಬೇಕು ಅನ್ನಿಸಿತು.

ಆಮೇಲೆ ಮಳೆ ತೆಳುವಾಯಿತು. ಅಲ್ಲೊಂದು ಹನಿ, ಇಲ್ಲೊಂದು ಹನಿ. ಸೊಪ್ಪು ಮುಗಿಯಿತು ಎಂದುಕೊಂಡಳು.

ನಿಶ್ಶಬ್ದ.

ಬಾಗಿಲು ಕಿರ್ರೆಂದಿತು. ಬರಿಗಾಲಿನ ಹೆಜ್ಜೆ. ಯಾರೋ ಸೊಪ್ಪಿನ ಹೊರೆ ಇಳಿಸಿ, ಉಸ್ಸೆಂದು ಉಸಿರು ಬಿಟ್ಟರು. ಆಮೇಲೆ ಒಂದು ಮುದಿ ಹೆಂಗಸಿನ ದನಿ, ಮಕ್ಕಳಿಗೆ ಉಣ್ಣಿಸುವ ಹಾಗೆ:

"ನೀವಾರ ತಿನ್ರವ್ವ. ಆ ಹುಡ್ಗ ಮೂರು ದಿನದಿಂದ ಒಂದು ತುತ್ತೂ ಮುಟ್ಟಿಲ್ಲ."

ಅಂಬುಜಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು.

ಆ ದನಿಯನ್ನು ಅವಳು ಲಕ್ಷ ದನಿಗಳ ನಡುವೆಯೂ ಗುರುತು ಹಿಡಿಯಬಲ್ಲಳು. ಅದು ಅವಳ ಅಕ್ಕ ಮುನಿಯಮ್ಮನದು. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿ, ಕೂಲಿಗೆ ಹೋಗಿ ಓದಿಸಿದವಳು. ಈಗ ಮಾಗಡಿ ಹತ್ತಿರದ ಕೆಂಪಾಪುರದಲ್ಲಿ ಒಬ್ಬಳೇ ಇದ್ದಾಳೆ. ಬುಧವಾರ ಫೋನು ಮಾಡಿದಾಗ ಅಂಬುಜಮ್ಮ, ರಾಮನಗರದ ಹುಡುಗನೊಬ್ಬ ಕಾಣೆಯಾಗಿದ್ದಾನೆ, ಹೆಸರು ಮುಜಾಮಿಲ್, ಆ ಕಡೆ ಏನಾದರೂ ಕಿವಿಗೆ ಬಿತ್ತಾ ಎಂದು ಕೇಳಿದ್ದಳು. "ಇಲ್ಲ ಕಣವ್ವ," ಎಂದಿದ್ದಳು ಅಕ್ಕ. "ಹೆಸ್ರೇ ಕೇಳಿಲ್ಲ." ಜೀವಮಾನದಲ್ಲಿ ಅಕ್ಕ ಅವಳಿಗೆ ಹೇಳಿದ ಮೊದಲ ಸುಳ್ಳು.

"ಏನ್ ಕೇಳಿಸ್ತು ಆಂಟಿ?" ಮಹೀನ್ ಅವಳ ಮೊಣಕಾಲು ಹಿಡಿದುಕೊಂಡಿದ್ದಳು. "ಭಾಯ್ ಇದಾನಾ?"

ನಾಲ್ಕು ಮುಖಗಳು ಅವಳನ್ನೇ ನೋಡುತ್ತಿದ್ದವು. ಮನೋಹರ್ ಕೇಳಿದ ಗುರುತು ಅವಳ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಹೇಳಿದರೆ ಆ ಪತ್ರ ಹರಿಯುತ್ತದೆ. ಹೇಳಿದರೆ ಸಂಜೆಯೊಳಗೆ ಅಕ್ಕನ ಬಾಗಿಲಲ್ಲಿ ಪೊಲೀಸ್ ಜೀಪು ನಿಲ್ಲುತ್ತದೆ, ಊಟ ಬಿಟ್ಟ ಹುಡುಗನನ್ನು ಬಚ್ಚಿಟ್ಟವಳು ಎಂದು.

"ಏನೂ ಇಲ್ಲ ಕಣಮ್ಮ," ಎಂದಳು ಅಂಬುಜಮ್ಮ. "ಬರೀ ಹುಳ."

ಹೇಳಿದ ಮರುಗಳಿಗೆಯೇ ತನ್ನ ಮೇಲೆ ತನಗೇ ಅಸಹ್ಯವಾಯಿತು. ಸತ್ತ ಹುಳದ ಗೂಡನ್ನು ಒಂದು ದಿನವೂ ಒಳ್ಳೆ ಗೂಡು ಎಂದು ಬರೆಯದವಳು ಅವಳು.

ಮುಕ್ತಿಯಾರ್ ಕುಸಿದು ಕೂತ. ಮನೋಹರ್ ಪತ್ರವನ್ನು ಅವನ ಕಡೆ ಒಂದಂಗುಲ ಸರಿಸಿದ.

"ಮೇಡಂ," ಎಂದಳು ಶ್ವೇತ. ಅವಳ ಕಣ್ಣು ಪರದೆಯ ಮೂಲೆಯಲ್ಲಿತ್ತು. ಅಲ್ಲಿ ಸದ್ದಿಗೆ ತಕ್ಕ ಹಾಗೆ ಏಳುವ, ಬೀಳುವ ಹಸಿರು ಗೆರೆಗಳು. "ಕೊನೇಲಿ ಯಾರೋ ಮಾತಾಡಿದ್ರಲ್ಲ? ಗೆರೆ ಮೇಲೆದ್ದಿದ್ದನ್ನ ನಾನೇ ನೋಡ್ದೆ."

ಮಹೀನ್ ಮೊಣಕಾಲಿನ ಮೇಲಿಂದ ಕೈ ತೆಗೆದಳು. ಅಂಬುಜಮ್ಮನ ತಲೆಯಿಂದ ಹೆಡ್‌ಫೋನು ಬಿಡಿಸಿಕೊಂಡು ತಾನೇ ಹಾಕಿಕೊಂಡಳು. ಆಟದೊಳಗೆ ಒಂದು ಹೆಜ್ಜೆ ಮುಂದಿಟ್ಟು, ನಿಂತಳು. ಹಸಿರು ಗೆರೆಗಳು ಮೊದಲಿನಿಂದ ನಡುಗತೊಡಗಿದವು.

ಹನ್ನೊಂದು ನಿಮಿಷ.

"ಒಸಿ ನೀರು ಕುಡ್ದು ಬತ್ತೀನಿ," ಎಂದು ಅಂಬುಜಮ್ಮ ಮೆಟ್ಟಿಲಿಳಿದಳು. ನಿಂತ ಚರಕಗಳ ನಡುವೆ, ತಣ್ಣಗಾದ ಒಲೆಯ ಪಕ್ಕ ನಿಂತು ಕೆಂಪಾಪುರಕ್ಕೆ ಫೋನು ಹಚ್ಚಿದಳು. ಎರಡು ಸಲ ತಪ್ಪು ನಂಬರು ಒತ್ತಿದಳು. ಅಕ್ಕನಿಗೆ ಬೈಯಬೇಕೋ, ಓಡಿಹೋಗು ಎನ್ನಬೇಕೋ ಅವಳಿಗೇ ಗೊತ್ತಿರಲಿಲ್ಲ.

ಮೊದಲ ರಿಂಗಿಗೇ ಫೋನು ಎತ್ತಿದರು.

"ಅಕ್ಕ, ಆ ಹುಡ್ಗನ್ನ ಯಾಕೆ ಮಡಿಕ್ಕಂಡಿದ್ದೀಯ?"

ಆ ಕಡೆ ಏದುಸಿರು. ಅಕ್ಕನದಲ್ಲ.

"ನೀವು ಅಜ್ಜಿ ತಂಗೀನಾ?" ಯುವಕನ ದನಿ, ಪಿಸುಮಾತಿನಷ್ಟೇ. "ನಾನು ಮುಜಾಮಿಲ್. ಅಜ್ಜಿ ನನ್ನ ಇಟ್ಕೊಂಡಿಲ್ಲಮ್ಮ, ನನ್ನ ಹಿಂದೆ ಬಿದ್ದವ್ರಿಂದ ಕಾಪಾಡ್ತಾ ಇದ್ರು. ಈಗ ಬಿದ್ಬಿಟ್ಟಿದಾರೆ. ಎಷ್ಟು ಕೂಗಿದ್ರೂ ಎದ್ದೇಳ್ತಿಲ್ಲ."

"ಅಯ್ಯೋ! ಎತ್ಕಂಡು ಆಚೆಗೆ ಬಾರಪ್ಪ! ಪಕ್ಕದ್ಮನೆಯವ್ರನ್ನ ಕೂಗು!"

"ಆಗಲ್ಲಮ್ಮ," ಎಂದ ಮುಜಾಮಿಲ್. "ಯಾರೋ ಆಚೆಯಿಂದ ಬೀಗ ಹಾಕವ್ರೆ. ಬಾಗ್ಲಲ್ಲೇ ನಿಂತವ್ರೆ, ಇನ್ನೂ ಹೋಗಿಲ್ಲ."